ಅಂಧೇರಿಯ ಗುಡ್ಡ, ಇಥಿಯೋಪಿಯಾದ ಬೂದಿ: ಜ್ವಾಲಾಮುಖಿ ನಮಗೆ ಎಷ್ಟು ಹತ್ತಿರ?

2025ರ ನವೆಂಬರ್ 23ರ ಭಾನುವಾರ ಇಥಿಯೋಪಿಯಾದ ಅಫಾರ್ ಪ್ರದೇಶದಲ್ಲಿ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ ಸಿಡಿಯಿತು. ಅದುವರೆಗೆ ಮುಂಬೈಯಲ್ಲಿ ಆ ಹೆಸರು ಕೇಳಿದವರು ಇದ್ದರೋ ಇಲ್ಲವೋ. ಭೂವಿಜ್ಞಾನಿಗಳ ಬಳಿಯೂ ಅದು ಹಿಂದೆ ಸಿಡಿದ ದಾಖಲೆ ಇರಲಿಲ್ಲ. ಕಳೆದ ಸುಮಾರು 12,000 ವರ್ಷಗಳ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಖಾಲಿ ಜಾಗ. ಸಿಡಿದ ಬೂದಿ 14 ಕಿ.ಮೀ.ವರೆಗೆ ಏರಿತು. ಕೆಂಪು ಸಮುದ್ರ, ಯೆಮೆನ್, ಒಮಾನ್, ಅರಬ್ಬಿ ಸಮುದ್ರ ದಾಟಿ ಸೋಮವಾರ ರಾತ್ರಿ ಹೊತ್ತಿಗೆ ಗುಜರಾತ್, ರಾಜಸ್ಥಾನ, ದೆಹಲಿಗಳ ಮೇಲೆ ಬಂತು. ಜೆಡ್ಡಾ, ಕುವೈತ್, ಅಬುಧಾಬಿ ಕಡೆಯ ಕೆಲವು ವಿಮಾನಗಳು ರದ್ದಾದವು. ಕಣ್ಣೂರಿನಿಂದ ಅಬುಧಾಬಿಗೆ ಹೊರಟ ಒಂದು ವಿಮಾನ ಅಹಮದಾಬಾದಿನಲ್ಲಿ ಇಳಿಯಿತು.

ಮುಂಬೈಯ ಕನ್ನಡಿಗರ ಮನೆಗಳಿಗೆ ಕೊಲ್ಲಿ ದೇಶ ದೂರವೇನಲ್ಲ. ಒಬ್ಬ ತಮ್ಮ ದುಬೈಯಲ್ಲಿ, ಒಬ್ಬ ಭಾವ ಕುವೈತಿನಲ್ಲಿ ಇರುವುದು ಮಾಮೂಲಿ. ಹಾಗಾಗಿ ಆ ಎರಡು ದಿನ ಮಾಟುಂಗದಿಂದ ಡೊಂಬಿವಲಿವರೆಗೆ ವಾಟ್ಸಾಪ್ ಗುಂಪುಗಳಲ್ಲಿ ಇದೇ ಮಾತು. ಮೊದಲು ವಿಮಾನದ ವಿಚಾರ, ಆಮೇಲೆ ಮೆಲ್ಲಗೆ ಬೇರೆ ಪ್ರಶ್ನೆಗಳು. ಮುಂಬೈಯಲ್ಲೂ ಬೂದಿ ಮಳೆ ಬೀಳುತ್ತಾ? ಅಂಧೇರಿಯ ಗಿಲ್ಬರ್ಟ್ ಹಿಲ್ ಕೂಡ ಜ್ವಾಲಾಮುಖಿಯೇ ಅಂತಾರಲ್ಲ, ಅದು ಮತ್ತೆ ಎದ್ದರೆ? ಗಣೇಶಪುರಿಯ ಕುಂಡದಲ್ಲಿ ನೀರು ಬಿಸಿ ಇದೆ ಅಂದರೆ ಕೆಳಗೆ ಬೆಂಕಿ ಇರಲೇಬೇಕು, ಅಲ್ವಾ?

ಪ್ರಶ್ನೆಗಳು ಪೆದ್ದು ಅಲ್ಲ. ಆದರೆ ಭಯ ತಪ್ಪು ದಿಕ್ಕಿಗೆ ಹೋಗುತ್ತಿದೆ ಅಂತ ನನಗನಿಸುತ್ತದೆ. ಹೊಸ ಜ್ವಾಲಾಮುಖಿ ಮುಂಬೈಯಲ್ಲಿ ಬಾಯಿ ತೆರೆಯುವುದಿಲ್ಲ. ನಮಗೆ ಸಂಬಂಧಪಟ್ಟ ಅಪಾಯ ಎರಡೇ. ಒಂದು ತಲೆಯ ಮೇಲೆ, ವಿಮಾನದ ದಾರಿಯಲ್ಲಿ. ಇನ್ನೊಂದು ಕಾಲ ಕೆಳಗೆ, ಎಂದೋ ತಣ್ಣಗಾದ ಲಾವಾದಲ್ಲಿ. ಎರಡನೆಯದರ ಬಗ್ಗೆ ಯಾವ ಗುಂಪಿನಲ್ಲೂ ಮಾತಿಲ್ಲ.

ಕಲ್ಲು ಕರಗುವುದು ಹೇಗೆ

ಭೂಮಿಯ ಸಿಪ್ಪೆಯ ಕೆಳಗೆ ಎಲ್ಲ ಕಡೆ ಕುದಿಯುವ ಲಾವಾ ತುಂಬಿದೆ ಎಂದು ಶಾಲೆಯ ಚಿತ್ರಗಳು ನಮ್ಮನ್ನು ನಂಬಿಸಿಬಿಟ್ಟಿವೆ. ಹಾಗಿಲ್ಲ. ಸಿಪ್ಪೆಯ ಕೆಳಗಿನ ಮ್ಯಾಂಟಲ್ ಬಹುಪಾಲು ಗಟ್ಟಿ ಕಲ್ಲೇ. ಅಲ್ಲಿ ಶಾಖ ಬೇಕಾದಷ್ಟಿದೆ, ಆದರೆ ಮೇಲಿನ ಭಾರವೂ ಅಷ್ಟೇ ಇದೆ. ಆ ಒತ್ತಡ ಕಲ್ಲನ್ನು ಕರಗಲು ಬಿಡುವುದಿಲ್ಲ. ಹಾಗಾಗಿ ಜ್ವಾಲಾಮುಖಿ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಆ ಕಟ್ಟು ಸಡಿಲವಾಗುವ ಕಡೆ ಮಾತ್ರ ಹುಟ್ಟುತ್ತದೆ.

ಅಫಾರ್ ಅಂಥ ಜಾಗ. ಅರೇಬಿಯಾ, ನೂಬಿಯಾ, ಸೊಮಾಲಿಯಾ ಎಂಬ ಮೂರು ಭೂಫಲಕಗಳು, ಅಂದರೆ ಭೂಮಿಯ ಸಿಪ್ಪೆಯ ದೊಡ್ಡ ತುಂಡುಗಳು, ಅಲ್ಲಿ ಒಂದರಿಂದ ಒಂದು ದೂರ ಸರಿಯುತ್ತಿವೆ. ನೆಲ ಹಿಗ್ಗಿ ತೆಳುವಾಗುತ್ತದೆ, ಕೆಳಗಿನ ಬಿಸಿ ಕಲ್ಲು ಮೇಲೇಳುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಹೊಸದಾಗಿ ಶಾಖ ಸೇರದೆಯೇ ಕಲ್ಲು ಕರಗತೊಡಗುತ್ತದೆ. ಹೈಲಿ ಗುಬ್ಬಿಯ ನೆರೆಯಲ್ಲೇ ಎರ್ಟಾ ಅಲೆ ಇದೆ. ಲಾವಾ ಕೊಳಕ್ಕೆ ಹೆಸರಾದ ಜ್ವಾಲಾಮುಖಿ ಅದು. 2025ರ ಜುಲೈಯಲ್ಲಿ ಅದು ಸಿಡಿದಾಗ ಮ್ಯಾಗ್ಮಾ, ಅಂದರೆ ಇನ್ನೂ ಹೊರಬರದ ಕರಗಿದ ಕಲ್ಲು, ನೆಲದಡಿಯಲ್ಲೇ ಹೈಲಿ ಗುಬ್ಬಿಯ ಕಡೆಗೂ ನುಗ್ಗಿದ್ದನ್ನು ಉಪಗ್ರಹಗಳು ಗುರುತಿಸಿದ್ದವು.

ಅಂಡಮಾನ್, ಸುಮಾತ್ರಾ, ಜಾವಾ ಸಾಲಿನ ಕಥೆ ಬೇರೆ. ಅಲ್ಲಿ ಒಂದು ಫಲಕ ಇನ್ನೊಂದರ ಕೆಳಗೆ ತೂರಿಕೊಂಡು ಇಳಿಯುತ್ತಿದೆ. ಸಮುದ್ರದ ತಳದ ಕಲ್ಲು ತನ್ನೊಳಗೆ ನೀರು ಹಿಡಿದುಕೊಂಡೇ ಇಳಿಯುತ್ತದೆ. ಆಳದಲ್ಲಿ ಆ ನೀರು ಹಿಂಡಿ ಹೊರಬಂದು ಮೇಲಿನ ಮ್ಯಾಂಟಲ್‌ಗೆ ಸೇರುತ್ತದೆ. ನೀರು ಸೇರಿದ ಕಲ್ಲು ಕಡಿಮೆ ಶಾಖಕ್ಕೇ ಕರಗುತ್ತದೆ. ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ ಬ್ಯಾರನ್ ದ್ವೀಪ ಇದೇ ಸಾಲಿನದು. ಅದು ಒಂದೂವರೆ ಶತಮಾನ ಸುಮ್ಮನಿದ್ದು 1991ರಲ್ಲಿ ಎದ್ದಿತು. 2025ರ ಸೆಪ್ಟೆಂಬರ್‌ನಲ್ಲೂ ಸಣ್ಣಗೆ ಸಿಡಿಯಿತು. ಜನವಸತಿ ಇಲ್ಲದ ದ್ವೀಪ, ಹಾಗಾಗಿ ಸುದ್ದಿ ಒಂದು ದಿನಕ್ಕೆ ಮುಗಿಯಿತು.

ಮೂರನೆಯ ಬಗೆಯಲ್ಲಿ ಫಲಕದ ಅಂಚೇ ಬೇಕಿಲ್ಲ. ಮ್ಯಾಂಟಲ್‌ನ ಆಳದಿಂದ ಬಿಸಿ ಕಲ್ಲಿನ ಒಂದು ಕಂಬ ಮೇಲೇರುತ್ತದೆ. ಅದು ಹೆಚ್ಚುಕಮ್ಮಿ ಒಂದೇ ಕಡೆ ಇರುತ್ತದೆ, ಮೇಲಿನ ಫಲಕ ಸರಿದು ಹೋಗುತ್ತಿರುತ್ತದೆ. ಹವಾಯಿ ಹೀಗೆ ಹುಟ್ಟಿದ್ದು. ನಮ್ಮ ಸಹ್ಯಾದ್ರಿಯ ಕಲ್ಲಿನ ಮೂಲವೂ ಇದೇ ಎಂಬುದು ಬಹುಪಾಲು ವಿಜ್ಞಾನಿಗಳ ಮಾತು. ಅದಕ್ಕೆ ಆಮೇಲೆ ಬರೋಣ.

ಕರಗಿದ ಕಲ್ಲು ಮೇಲೆ ಬಂದಾಗ ಒಂದು ಕಡೆ ನದಿಯಂತೆ ಹರಿಯುತ್ತದೆ, ಇನ್ನೊಂದು ಕಡೆ ಬಾಂಬಿನಂತೆ ಸಿಡಿಯುತ್ತದೆ. ಯಾಕೆ? ಅಡುಗೆಮನೆಗೆ ಹೋದರೆ ಗೊತ್ತಾಗುತ್ತದೆ. ತಿಳಿ ಸಾರು ಕುದಿಯುವಾಗ ಗುಳ್ಳೆಗಳು ಸಲೀಸಾಗಿ ಮೇಲೆ ಬಂದು ಒಡೆಯುತ್ತವೆ. ರಾಗಿ ಹಿಟ್ಟು ಗಟ್ಟಿಯಾಗಿ ಬೇಯುವಾಗ ಆವಿ ಒಳಗೇ ಸಿಕ್ಕಿಕೊಂಡು, ಬುಳಕ್ ಎಂದು ಒಡೆದು, ಕೈ ಸುಡುತ್ತದೆ. ಮ್ಯಾಗ್ಮಾದಲ್ಲಿ ನೀರಾವಿ, ಇಂಗಾಲದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್ ಕರಗಿರುತ್ತವೆ. ಮೇಲೇರುತ್ತ ಒತ್ತಡ ಇಳಿದಂತೆ ಇವು ಗುಳ್ಳೆಗಳಾಗುತ್ತವೆ. ಮ್ಯಾಗ್ಮಾದಲ್ಲಿ ಸಿಲಿಕಾ (ಮರಳಿನಲ್ಲಿರುವ ಮುಖ್ಯ ಅಂಶ) ಸುಮಾರು ಅರ್ಧದಷ್ಟಿದ್ದರೆ ಅದು ತೆಳು ಬಸಾಲ್ಟ್, ತಣಿದರೆ ಕಪ್ಪು ಕಲ್ಲಾಗುವಂಥದು. 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಂದು ಹರಿಯುತ್ತದೆ. ಸಿಲಿಕಾ 70 ಶೇಕಡಾ ದಾಟಿದರೆ ಅಂಟಂಟು. ಅದರಲ್ಲಿ ಸಿಕ್ಕಿಬಿದ್ದ ಅನಿಲ ಕಲ್ಲನ್ನೇ ಪುಡಿಪುಡಿ ಮಾಡಿ ಹೊರಗೆ ಎಸೆಯುತ್ತದೆ. ತೆಳು ಮ್ಯಾಗ್ಮಾ ಕೂಡ ದಾರಿಯಲ್ಲಿ ನೀರು ಸಿಕ್ಕರೆ ಜೋರಾಗಿ ಸಿಡಿಯಬಹುದು.

ವಿಮಾನ ಯಾಕೆ ಹೆದರಬೇಕು

ಆ ಪುಡಿಯೇ ಬೂದಿ. ಕಟ್ಟಿಗೆ ಸುಟ್ಟು ಉಳಿದ ಮೆತ್ತನೆಯ ಪುಡಿ ಅಲ್ಲ ಇದು. ಎರಡು ಮಿ.ಮೀ.ಗಿಂತ ಸಣ್ಣ ಕಲ್ಲು ಮತ್ತು ಗಾಜಿನ ಚೂರು. ನೀರಿನಲ್ಲಿ ಕರಗುವುದಿಲ್ಲ, ಮೂಲೆಗಳು ಚೂಪು.

ಇದು ವಿಮಾನಕ್ಕೆ ಏನು ಮಾಡುತ್ತದೆ ಎಂಬುದು ಜಗತ್ತಿಗೆ ಗೊತ್ತಾಗಿದ್ದು 1982ರ ಜೂನ್ 24ರ ರಾತ್ರಿ. ಬ್ರಿಟಿಷ್ ಏರ್‌ವೇಸ್‌ನ 9ನೇ ನಂಬರಿನ ವಿಮಾನ, ದೊಡ್ಡ ಬೋಯಿಂಗ್ 747, ಲಂಡನ್‌ನಿಂದ ಆಕ್ಲೆಂಡಿಗೆ ಹೊರಟಿತ್ತು. ಅದರ ದಾರಿಯಲ್ಲಿ ನಮ್ಮ ಬಾಂಬೆಯೂ ಒಂದು ನಿಲ್ದಾಣ. ಕ್ವಾಲಾಲಂಪುರ ಬಿಟ್ಟು ಪರ್ತ್ ಕಡೆಗೆ ಹೋಗುವಾಗ ಜಾವಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ನುಗ್ಗಿತು. ಪೈಲಟ್‌ಗಳಿಗೆ ಮುಂದೆ ಬೂದಿ ಇದೆ ಎಂಬುದೇ ಗೊತ್ತಿರಲಿಲ್ಲ. ವಿಮಾನದ ರೇಡಾರ್ ಮಳೆಹನಿ ಹುಡುಕಲು ಮಾಡಿದ್ದು, ಒಣ ಪುಡಿ ಅದರ ಕಣ್ಣಿಗೆ ಬೀಳುವುದಿಲ್ಲ. ಒಂದಾದ ಮೇಲೊಂದು ನಾಲ್ಕೂ ಎಂಜಿನ್ ನಿಂತುಹೋದವು. 37,000 ಅಡಿ ಎತ್ತರದಲ್ಲಿ 263 ಜನರನ್ನು ಹೊತ್ತ ವಿಮಾನ ಸುಮ್ನೆ ಗಾಳಿಯಲ್ಲಿ ತೇಲುತ್ತ ಇಳಿಯತೊಡಗಿತು.

ಆಗಿದ್ದು ಇಷ್ಟು. ಬೂದಿಯ ಗಾಜು ಸುಮಾರು 1,100 ಡಿಗ್ರಿಗೆ ಕರಗುತ್ತದೆ. ಜೆಟ್ ಎಂಜಿನ್ನಿನ ಒಳಗೆ ಅದಕ್ಕಿಂತ ಜಾಸ್ತಿ ಶಾಖ. ಕರಗಿದ ಗಾಜು ಹಿಂದಿನ ಟರ್ಬೈನ್ ಅಲಗುಗಳ ಮೇಲೆ ಮತ್ತೆ ಗಟ್ಟಿಯಾಗಿ ಅಂಟಿಕೊಂಡು ಗಾಳಿಯ ದಾರಿ ಮುಚ್ಚಿತು. ಎಂಜಿನ್ ಆರಿ ತಣ್ಣಗಾದಾಗ ಆ ಗಾಜು ಬಿರುಕುಬಿಟ್ಟು ಉದುರಿತು. ವಿಮಾನವೂ ಅಷ್ಟರಲ್ಲಿ ಬೂದಿಯಿಂದ ಕೆಳಗೆ ಇಳಿದಿತ್ತು. ಎಂಜಿನ್‌ಗಳು ಮತ್ತೆ ಹೊತ್ತಿಕೊಂಡವು. ಪೈಲಟ್‌ಗಳ ಮುಂದಿನ ಕಿಟಕಿಯ ಗಾಜು ಬೂದಿ ಉಜ್ಜಿ ಮಸುಕಾಗಿದ್ದರಿಂದ ಕ್ಯಾಪ್ಟನ್ ಎರಿಕ್ ಮೂಡಿ ಹೊರಗೆ ಸರಿಯಾಗಿ ಏನೂ ಕಾಣದೆಯೇ ಜಕಾರ್ತದಲ್ಲಿ ವಿಮಾನ ಇಳಿಸಿದರು. ಎಲ್ಲರೂ ಬದುಕಿದರು. 1989ರ ಡಿಸೆಂಬರ್‌ನಲ್ಲಿ ಅಲಾಸ್ಕದ ರಿಡೌಟ್ ಜ್ವಾಲಾಮುಖಿಯ ಬೂದಿಯಲ್ಲಿ ಕೆಎಲ್ಎಂ ವಿಮಾನವೊಂದರ ನಾಲ್ಕೂ ಎಂಜಿನ್ ಹೀಗೇ ನಿಂತು ಮತ್ತೆ ಶುರುವಾದವು.

ಇದಾದ ಮೇಲೆ ಜಗತ್ತಿನ ಆಕಾಶವನ್ನು ಹಂಚಿಕೊಂಡು ಕಾಯುವ ಒಂಬತ್ತು ಬೂದಿ ಸಲಹಾ ಕೇಂದ್ರಗಳು ಬಂದವು. ಹೈಲಿ ಗುಬ್ಬಿಯ ಬೂದಿಯನ್ನು ಹಿಂಬಾಲಿಸಿ ಎಚ್ಚರಿಕೆ ಕೊಟ್ಟಿದ್ದು ಫ್ರಾನ್ಸಿನ ಟುಲೂಸ್ ಕೇಂದ್ರ. ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯ ಅದನ್ನು ನೋಡಿಕೊಂಡು, ಬೂದಿ ಇರುವ ಎತ್ತರ ಮತ್ತು ದಾರಿ ತಪ್ಪಿಸಿ ಹಾರಿ ಎಂದಿತು. ಬೂದಿ ಇದ್ದ ದಾರಿಯಲ್ಲಿ ಹಾರಿಬಂದ ವಿಮಾನಗಳ ಎಂಜಿನ್ ಪರೀಕ್ಷೆಗಾಗಿಯೂ ಕೆಲವು ಹಾರಾಟ ರದ್ದಾದವು. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಎಯಾಫ್ಯಾಟ್ಲಯೋಕುಲ್ ಸಿಡಿದಾಗ ಯೂರೋಪಿನ ಆಕಾಶ ಹೆಚ್ಚುಕಮ್ಮಿ ಒಂದು ವಾರ ಮುಚ್ಚಿ, ಸುಮಾರು ಒಂದು ಲಕ್ಷ ಹಾರಾಟ ರದ್ದಾಗಿದ್ದವು. ಅದರ ಮುಂದೆ ನಮ್ಮದು ಚಿಕ್ಕ ತೊಂದರೆ. ರದ್ದಾದ ಟಿಕೆಟ್ ಹಿಡಿದುಕೊಂಡು ಕೌಂಟರಿನಲ್ಲಿ ಜಗಳವಾಡಿದವರ ಸಿಟ್ಟು ಅರ್ಥವಾಗುತ್ತದೆ. ಆದರೆ ಈ ವಿಷಯದಲ್ಲಿ ನಾನು ರದ್ದು ಮಾಡಿದವರ ಪರ.

ಬೂದಿ ಮಳೆಯ ಪ್ರಶ್ನೆಗೆ ಬಂದರೆ, ಮುಂಬೈಯಿಂದ ಹೈಲಿ ಗುಬ್ಬಿ ಸುಮಾರು 3,500 ಕಿ.ಮೀ. ದೂರ. ದಪ್ಪ ಕಣಗಳು ಹತ್ತಿರದಲ್ಲೇ ಬೀಳುತ್ತವೆ. ಅಫ್ದೆರಾ ಎಂಬ ಹಳ್ಳಿ ಬೂದಿಯಲ್ಲಿ ಮುಚ್ಚಿಹೋಗಿ ದನಕರುಗಳಿಗೆ ಮೇವಿಲ್ಲದಂತಾಯಿತು. ನಮ್ಮ ತನಕ ಬಂದಿದ್ದು ಅತಿ ಸಣ್ಣ ಪುಡಿ ಮತ್ತು ಗಂಧಕದ ಅನಿಲ, ಅದೂ ವಿಮಾನಗಳ ಎತ್ತರದಲ್ಲಿ. ಮಂಗಳವಾರ ಸಂಜೆ ಹೊತ್ತಿಗೆ ಅದು ಚೀನಾದ ಕಡೆ ಸಾಗಿತ್ತು. ದೆಹಲಿಯ ಹೊಗೆಗೆ ಆ ವಾರ ಬೇರೆ ದೇಶದ ಸಹಾಯ ಬೇಕಿರಲಿಲ್ಲ.

ಹತ್ತಿರ ಇದ್ದವರ ಪಾಡು

ಜ್ವಾಲಾಮುಖಿ ಅಂದಕೂಡಲೇ ನಮಗೆ ಕೆಂಪಗೆ ಹರಿಯುವ ಲಾವಾ ನೆನಪಾಗುತ್ತದೆ. ಅದು ಮನೆ, ತೋಟ ನುಂಗುತ್ತದೆ ನಿಜ. ಆದರೆ ಬಹಳ ಸಲ ಮನುಷ್ಯ ನಡೆದು ತಪ್ಪಿಸಿಕೊಳ್ಳಬಹುದಾದಷ್ಟು ನಿಧಾನ. ಜನರನ್ನು ಕೊಲ್ಲುವುದು ಬೇರೆ ಸಂಗತಿಗಳು. 1902ರ ಮೇ 8ರಂದು ಕೆರಿಬಿಯನ್‌ನ ಮಾರ್ಟಿನಿಕ್ ದ್ವೀಪದಲ್ಲಿ ಪೆಲೆ ಬೆಟ್ಟದಿಂದ ಬಿಸಿ ಅನಿಲ ಮತ್ತು ಬೂದಿಯ ಮೋಡ ನೆಲಕ್ಕೆ ಅಂಟಿಕೊಂಡೇ ನುಗ್ಗಿ ಬಂತು. ಸೇಂಟ್ ಪಿಯರ್ ಪಟ್ಟಣ ಕೆಲವೇ ನಿಮಿಷಗಳಲ್ಲಿ ಹೋಯಿತು, ಸತ್ತವರು ಸುಮಾರು 28,000. 1986ರಲ್ಲಿ ಕ್ಯಾಮರೂನಿನಲ್ಲಿ, ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ಆದ ನಿಯೋಸ್ ಸರೋವರದಿಂದ ಇಂಗಾಲದ ಡೈಆಕ್ಸೈಡ್ ಒಮ್ಮೆಲೇ ಉಕ್ಕಿ ಕಣಿವೆಗೆ ಇಳಿದು 1,700ಕ್ಕೂ ಹೆಚ್ಚು ಜನ ಉಸಿರುಕಟ್ಟಿ ಸತ್ತರು. ಬೆಂಕಿ ಇಲ್ಲ, ಲಾವಾ ಇಲ್ಲ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೋ ಸಿಡಿದ ದಿನವೇ ಚಂಡಮಾರುತದ ಮಳೆಯೂ ಬಂತು. ನೆನೆದ ಬೂದಿಯ ಭಾರಕ್ಕೆ ಮಾಡುಗಳು ಕುಸಿದವು. ಅಂದು ಸತ್ತವರಲ್ಲಿ ಬಹುಪಾಲು ಜನ ಹಾಗೆ ಸತ್ತರು. ಸಿಡಿಯುವ ಮೊದಲೇ ಸಾವಿರಾರು ಜನರನ್ನು ಖಾಲಿ ಮಾಡಿಸಿದ್ದರಿಂದ ಸಾವು ಅಷ್ಟಕ್ಕೇ ನಿಂತಿತು.

ಕೊಲಂಬಿಯಾದ ಅರ್ಮೆರೋ ಮಾತ್ರ ನನ್ನ ತಲೆಯಿಂದ ಹೋಗುವುದಿಲ್ಲ. 1985ರ ನವೆಂಬರ್ 13ರ ರಾತ್ರಿ ನೆವಾಡೊ ಡೆಲ್ ರುಯಿಸ್ ಸಿಡಿಯಿತು. ದೊಡ್ಡ ಸಿಡಿತವೇನಲ್ಲ. ಆದರೆ ಬೆಟ್ಟದ ತುದಿಯ ಹಿಮ ಕರಗಿತು. ಆ ನೀರು ಬೂದಿ, ಕಲ್ಲು, ಮಣ್ಣು ಸೇರಿಸಿಕೊಂಡು ಹೊಳೆಯ ಕಣಿವೆಯಲ್ಲಿ ಇಳಿಯಿತು. ಎರಡೂವರೆ ಗಂಟೆ ಬಿಟ್ಟು ಅರ್ಮೆರೋ ಪಟ್ಟಣ ತಲುಪಿತು. ಅಷ್ಟು ಹೊತ್ತು ಇತ್ತು. ತಿಂಗಳ ಮೊದಲೇ ಅಪಾಯದ ನಕ್ಷೆಯೂ ತಯಾರಾಗಿತ್ತು, ಅದರಲ್ಲಿ ಅರ್ಮೆರೋ ಅಪಾಯದ ಜಾಗದಲ್ಲೇ ಇತ್ತು. ಸುತ್ತಮುತ್ತಲ ಹಳ್ಳಿಗಳೂ ಸೇರಿ ಸುಮಾರು 23,000 ಜನ ಕೆಸರಿನಡಿ ಹೋದರು.

ದೂರದ ಜ್ವಾಲಾಮುಖಿ ನಮ್ಮ ಕಡೆ ಯಾವತ್ತೂ ಬೂದಿ ಸುರಿಸಿಲ್ಲವೇ? ಸುರಿಸಿದೆ. ಪುಣೆ ಜಿಲ್ಲೆಯ ಜುನ್ನರ್ ತಾಲೂಕಿನ ಬೋರಿ ಎಂಬ ಊರಿನಲ್ಲಿ ಕುಕಡಿ ನದಿಯ ದಂಡೆ ಕೊರೆದ ಕಡೆ ಬಿಳಿಚಿದ ಬೂದಿಯ ಪದರ ಇದೆ. ಅದು ಬಂದಿದ್ದು 3,000 ಕಿ.ಮೀ.ಗೂ ಆಚೆ ಸುಮಾತ್ರಾದಲ್ಲಿರುವ ತೋಬಾ ಜ್ವಾಲಾಮುಖಿಯಿಂದ. ಅದರ ಜೊತೆಯಲ್ಲಿ ಆದಿಮಾನವರ ಕಲ್ಲಿನ ಕೊಡಲಿಗಳು ಸಿಕ್ಕಿದ್ದರಿಂದ ಪುಣೆಯ ಡೆಕ್ಕನ್ ಕಾಲೇಜಿನವರಿಗೆ ಈ ಊರು ದೊಡ್ಡ ವಿಷಯ. ಬೂದಿ ತೋಬಾದ ಕೊನೆಯ ಮಹಾಸಿಡಿತದ್ದೇ, ಅಂದರೆ ಸುಮಾರು 74,000 ವರ್ಷ ಹಿಂದಿನದೇ, ಅಥವಾ ಅದಕ್ಕಿಂತ ಲಕ್ಷಾಂತರ ವರ್ಷ ಹಳೆಯದೇ ಎಂದು ದಶಕಗಳ ಕಾಲ ಜಗಳ ನಡೆದಿದೆ. ಆಂಧ್ರದ ಜ್ವಾಲಾಪುರಂನಲ್ಲೂ ತೋಬಾದ ಬೂದಿ ದಪ್ಪಗೆ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ಇದ್ದ ತಂಡ ಅಲ್ಲಿ ಅಗೆದು, 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಬೂದಿಯ ಕೆಳಗೆ ಸಿಕ್ಕ ಕಲ್ಲಿನ ಹತಾರಗಳೂ ಮೇಲೆ ಸಿಕ್ಕವೂ ಬಹುಮಟ್ಟಿಗೆ ಒಂದೇ ಬಗೆ. ಜನ ಬದುಕಿ ಉಳಿದು ಕೆಲಸ ಮುಂದುವರಿಸಿದ್ದರು ಎಂಬುದು ಅವರ ತೀರ್ಮಾನ.

ನಮ್ಮ ಕಾಲ ಕೆಳಗಿನ ಲಾವಾ

ಈಗ ಗಿಲ್ಬರ್ಟ್ ಹಿಲ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ಫಲಕ ಉತ್ತರಕ್ಕೆ ಓಡುತ್ತಿತ್ತು. ದಾರಿಯಲ್ಲಿ, ಆಗಲೇ ಹೇಳಿದಂಥ ಒಂದು ಬಿಸಿ ಕಂಬದ ಮೇಲೆ ಹಾದುಹೋಯಿತು. ನೆಲ ಉದ್ದುದ್ದಕ್ಕೆ ಬಿರುಕುಬಿಟ್ಟು ತೆಳು ಬಸಾಲ್ಟ್ ಲಾವಾ ಹೊರಬಂದು ಹರಡಿತು. ತಣ್ಣಗಾಯಿತು, ಮೇಲೆ ಇನ್ನೊಂದು ಪದರ ಬಂತು, ಮತ್ತೊಂದು ಬಂತು. ಇದರ ಬಹುಪಾಲು ಹತ್ತು ಲಕ್ಷ ವರ್ಷದೊಳಗೆ ನಡೆದುಹೋಯಿತು. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ನೆಲವನ್ನು ಈ ಕಲ್ಲು ಮುಚ್ಚಿದೆ. ಘಟ್ಟದ ಕಡೆ ದಪ್ಪ ಎರಡು ಕಿ.ಮೀ. ಮುಟ್ಟುತ್ತದೆ.

ಬೀದರ್, ಕಲಬುರಗಿ, ವಿಜಯಪುರದಿಂದ ಪುಣೆಗೆ ಬಂದು ನೆಲೆಸಿದವರಿಗೆ ಇದು ಹೊಸ ನೆಲವೇ ಅಲ್ಲ. ಊರಿನಲ್ಲಿ ಜೋಳ ಬೆಳೆಯುವ ಎರೆಮಣ್ಣು ಇದೇ ಲಾವಾ ಕೊಳೆತು ಆದದ್ದು. ಗೋಳಗುಮ್ಮಟದ ಕಪ್ಪು ಕಲ್ಲೂ ಅದೇ, ಪುಣೆಯ ಜಂಗಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರ ಗುಹೆಯನ್ನು ಕಡೆದ ಕಲ್ಲೂ ಅದೇ. ಗೋವಾಕ್ಕೆ ಹೋದವರ ಕಾಲ ಕೆಳಗೆ ಮಾತ್ರ ಬಹುಪಾಲು ಬೇರೆ ಕಲ್ಲು. ಅದು ಕರ್ನಾಟಕದ ಧಾರವಾಡ ಶಿಲೆಗಳ ನೆಂಟಸ್ತಿಕೆಯದು, ಇದಕ್ಕಿಂತ ಎಷ್ಟೋ ಪಾಲು ಹಳೆಯದು.

ಎಷ್ಟು ದೊಡ್ಡ ಸಂಗತಿ ಇದು ಅಂತ ಅಂದಾಜಿಗೆ ಹೇಳುತ್ತೇನೆ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿಯಲ್ಲಿ ಹೀಗೇ ನೆಲ ಬಿರಿದು ಎಂಟು ತಿಂಗಳು ಲಾವಾ ಹರಿಯಿತು, ಸುಮಾರು 15 ಘನ ಕಿ.ಮೀ. ಅದರ ಗಂಧಕದ ಅನಿಲಕ್ಕೆ ಹುಲ್ಲು ವಿಷವಾಗಿ, ಜಾನುವಾರು ಸತ್ತು, ಬರಗಾಲ ಬಂದು ದೇಶದ ಐದನೇ ಒಂದು ಭಾಗದಷ್ಟು ಜನ ಸತ್ತರು. ನಮ್ಮ ಈ ದಖ್ಖನ್ ಲಾವಾದ ಒಟ್ಟು ಮೊತ್ತ ಹತ್ತು ಲಕ್ಷ ಘನ ಕಿ.ಮೀ.ಗೂ ಹೆಚ್ಚು ಎಂದು ಲೆಕ್ಕ. ಡೈನೋಸಾರ್‌ಗಳು ಹೋದದ್ದರಲ್ಲಿ ಮೆಕ್ಸಿಕೋಗೆ ಬಡಿದ ಉಲ್ಕೆಯ ಪಾಲೆಷ್ಟು, ಈ ಲಾವಾದ ಪಾಲೆಷ್ಟು ಎಂಬ ವಾದ ಇನ್ನೂ ನಡೆದಿದೆ.

ಮುಂಬೈಯ ಕಥೆ ಇನ್ನೂ ಸ್ವಲ್ಪ ಆಮೇಲಿನದು. ಇಲ್ಲಿಯ ಕೆಲವು ಕಲ್ಲುಗಳು ಸುಮಾರು 6.2 ಕೋಟಿ ವರ್ಷದವು. ಮಧ್ಯೆ ಮಧ್ಯೆ ಲಾವಾ ನಿಂತಾಗ ಕೊಳಗಳಾಗಿದ್ದವು. ವರ್ಲಿಯ ಗುಡ್ಡದಲ್ಲಿ ಆ ಕೊಳದ ಕೆಸರಿನಲ್ಲಿದ್ದ ಪುಟ್ಟ ಕಪ್ಪೆಗಳ ಪಳೆಯುಳಿಕೆ ಸಿಕ್ಕಿ, 1847ರಲ್ಲೇ ಲಂಡನ್ನಿನಲ್ಲಿ ವಿಜ್ಞಾನಿ ರಿಚರ್ಡ್ ಓವನ್ ಅವಕ್ಕೆ ಹೆಸರಿಟ್ಟರು. ಸಿಎಸ್ಎಂಟಿ ನಿಲ್ದಾಣದ ಹಳದಿ ಮಾಲಾಡ್ ಕಲ್ಲೂ ಜ್ವಾಲಾಮುಖಿಯದೇ. ದಿನಾ ಲೋಕಲ್ ಹಿಡಿಯುವ ಅವಸರದಲ್ಲಿ ಅದನ್ನು ಯಾರು ನೋಡುತ್ತಾರೆ.

ಗಿಲ್ಬರ್ಟ್ ಹಿಲ್ ಸುಮಾರು 60 ಮೀಟರ್ ಎತ್ತರದ ಕಂಬಗಳ ಗುಡ್ಡ, ತಲೆಯ ಮೇಲೆ ಗಾಂವದೇವಿಯ ಗುಡಿ. ದಪ್ಪ ಲಾವಾ ನಿಧಾನವಾಗಿ ತಣ್ಣಗಾಗಿ ಕುಗ್ಗುವಾಗ ಐದಾರು ಮೂಲೆಯ ಕಂಬಗಳಾಗಿ ಬಿರಿಯುತ್ತದೆ. ಉಡುಪಿಯವರು ಮಲ್ಪೆಯ ಸೇಂಟ್ ಮೇರಿಸ್ ದ್ವೀಪದಲ್ಲಿ ಇಂಥದೇ ಕಂಬ ನೋಡಿರುತ್ತೀರಿ. ಅದು ಇದಕ್ಕಿಂತ ಎರಡು ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ನಮ್ಮಿಂದ ಬೇರೆಯಾದಾಗಿನದು. ಸುತ್ತಲಿನ ಕಲ್ಲು ಸವೆದು, ಕಲ್ಲುಗಣಿಯವರು ಕಡಿದು, ಗಿಲ್ಬರ್ಟ್ ಹಿಲ್ ಒಂಟಿಯಾಗಿ ನಿಂತಿದೆ. ಅದರ ಕೆಳಗೆ ಕುದಿಯುವುದು ಏನೂ ಇಲ್ಲ. ಸಹ್ಯಾದ್ರಿಯ ಚೂಪು ಶಿಖರಗಳೂ ಜ್ವಾಲಾಮುಖಿಯ ಬಾಯಲ್ಲ, ಮಳೆ ಕೊರೆದು ಉಳಿಸಿದ ಲಾವಾ ಪದರಗಳು. ಬುಲ್ಢಾಣಾದ ಲೋಣಾರ್ ಸರೋವರ ಬಸಾಲ್ಟಿನಲ್ಲೇ ಇದ್ದರೂ ಉಲ್ಕೆ ಬಿದ್ದ ಹಳ್ಳ.

ಗಣೇಶಪುರಿಗೆ ಬರೋಣ. ನಿತ್ಯಾನಂದ ಸ್ವಾಮಿಗಳ ಸಮಾಧಿಗೆ ಹೋದ ನಮ್ಮವರೆಲ್ಲ ಬಿಸಿನೀರ ಕುಂಡದಲ್ಲಿ ಮಿಂದೇ ಬರುತ್ತಾರೆ. ವಜ್ರೇಶ್ವರಿಯಿಂದ ರಾಜಾಪುರದವರೆಗೆ ಕೊಂಕಣದುದ್ದಕ್ಕೆ ಇಂಥ ಬುಗ್ಗೆಗಳಿವೆ. ಭೂಮಿಯಲ್ಲಿ ಎಲ್ಲೇ ಕೊರೆದರೂ ಆಳಕ್ಕೆ ಹೋದಂತೆ ಶಾಖ ಏರುತ್ತದೆ, ಸರಾಸರಿ ಕಿ.ಮೀ.ಗೆ 25ರಿಂದ 30 ಡಿಗ್ರಿ. ಮಳೆನೀರು ಆಳದ ಬಿರುಕುಗಳಲ್ಲಿ ಇಳಿದು, ಬಿಸಿಯಾಗಿ, ಬೇರೆ ಬಿರುಕಿನಿಂದ ಬೇಗ ಮೇಲೆ ಬಂದರೆ ಸಾಕು. ಮ್ಯಾಗ್ಮಾ ಬೇಕಿಲ್ಲ.

ಇನ್ನೊಂದು ಗಾಳಿಮಾತು ಸಾತಾರಾ ಜಿಲ್ಲೆಯ ಕೊಯ್ನಾ ಅಣೆಕಟ್ಟಿನ ಬಗ್ಗೆ, ಅಲ್ಲಿ ನೆಲ ನಡುಗುವುದಕ್ಕೆ ಕೆಳಗಿನ ಜ್ವಾಲಾಮುಖಿಯೇ ಕಾರಣ ಅಂತ. 1967ರ ಡಿಸೆಂಬರ್ 11ರ ಭೂಕಂಪದಲ್ಲಿ 170ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಈಗಲೂ ನೆಲ ಅಲುಗುತ್ತಿರುತ್ತದೆ. ಅದಕ್ಕೆ ಕಾರಣ ಜಲಾಶಯದ ನೀರು ಹಳೆಯ ಬಿರುಕುಗಳ ಮೇಲೆ ಹಾಕುವ ಒತ್ತಡ. ಇದನ್ನು ಅಧ್ಯಯನ ಮಾಡಲು ಕೊಯ್ನಾ ಪ್ರದೇಶದಲ್ಲಿ 3 ಕಿ.ಮೀ. ಆಳಕ್ಕೆ ಕೊರೆದರು. ಸುಮಾರು 1.2 ಕಿ.ಮೀ. ಬಸಾಲ್ಟ್ ಸಿಕ್ಕಿತು, ಅದರ ಕೆಳಗೆ ಪುರಾತನ ಗ್ರಾನೈಟ್. ಲಾವಾ ಕೊಟ್ಟ ಬಿಸಿ ಕಂಬ ನಮ್ಮ ಕೆಳಗಿಲ್ಲ. ಫಲಕ ಸರಿದಂತೆ ಅದರ ಗುರುತು ಲಕ್ಷದ್ವೀಪ, ಮಾಲ್ಡೀವ್ಸ್ ಸಾಲಿನಲ್ಲಿ ದಕ್ಷಿಣಕ್ಕೆ ಸಾಗಿ, ಈಗ ನಾಲ್ಕೂವರೆ ಸಾವಿರ ಕಿ.ಮೀ.ಗೂ ಆಚೆ ರಿಯೂನಿಯನ್ ದ್ವೀಪದಲ್ಲಿದೆ. ಅಲ್ಲಿಯ ಪಿಟಾನ್ ದ ಲಾ ಫೂರ್ನೇಸ್ ಇವತ್ತಿಗೂ ಲಾವಾ ಉಗುಳುತ್ತದೆ.

ಹಾಗಾದರೆ ನಿಶ್ಚಿಂತೆಯೇ? ಲೋಣಾವಳಾ ಘಟ್ಟದಲ್ಲಿ ರಸ್ತೆಗಾಗಿ ಕಡಿದ ಗೋಡೆಗಳನ್ನು ಗಮನಿಸಿ. ಕಪ್ಪು ಕಲ್ಲಿನ ಪದರಗಳ ಮಧ್ಯೆ ಕೆಂಪು ಪಟ್ಟಿ ಕಾಣುತ್ತದೆ. ಒಂದು ಲಾವಾ ಬಂದು, ಇನ್ನೊಂದು ಬರುವ ಮೊದಲು ಮೇಲ್ಮೈ ಮಣ್ಣಾಗಿತ್ತು. ಹೊಸ ಲಾವಾ ಅದನ್ನು ಸುಟ್ಟು ಮುಚ್ಚಿತು. ಈ ಕೆಂಪು ಪದರ ಜೇಡಿಯಂಥದು. ಗಟ್ಟಿ ಬಸಾಲ್ಟಿನ ಬಿರುಕಿನಿಂದ ಇಳಿದ ಮಳೆನೀರು ಇಲ್ಲಿ ತಡೆದು ನಿಂತು ಪಕ್ಕಕ್ಕೆ ಒಸರುತ್ತದೆ. ಗುಳ್ಳೆಗಳಿದ್ದ ಲಾವಾ ಪದರ ಬೇಗ ಕೊಳೆತು ಮೆದುವಾಗುತ್ತದೆ. ಕಡಿದಾದ ಇಳಿಜಾರು, ಮೇಲೆ ಸಡಿಲ ಮಣ್ಣು, ಕೆಳಗೆ ನೀರು ಕುಡಿದ ಪದರ, ಅದರ ಮೇಲೆ ಜುಲೈಯ ಮಳೆ. ಒಂದು ರಾತ್ರಿಯಲ್ಲಿ ಗುಡ್ಡದ ಮಗ್ಗುಲೇ ಕೆಳಗೆ ಬರುತ್ತದೆ.

2014ರ ಜುಲೈ 30ರ ಬೆಳಗ್ಗೆ ಪುಣೆ ಜಿಲ್ಲೆಯ ಮಾಳಿಣದಲ್ಲಿ ಹೀಗೇ ಆಗಿ ಸುಮಾರು 150 ಜನ ಮಣ್ಣಿನಡಿ ಸತ್ತರು. 2021ರ ಜುಲೈಯಲ್ಲಿ ಮಹಾಡ್ ಬಳಿಯ ತಳಿಯೆ. 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಲ್‌ವಾಡಿ. ಚಾರಣಿಗರಿಗೆ ಇಷ್ಟವಾದ ಇರ್ಶಾಲ್‌ಗಡದ ಬುಡದ ಪುಟ್ಟ ಹಾಡಿ ಅದು, ಮುಂಬೈ-ಪುಣೆ ಹೆದ್ದಾರಿಯಿಂದ ದೂರವೇನಲ್ಲ. 27 ಶವ ಸಿಕ್ಕವು, ಇನ್ನೂ 57 ಮಂದಿ ಸಿಗಲೇ ಇಲ್ಲ. ಅರ್ಮೆರೋದಲ್ಲಿ ನಕ್ಷೆ ಇದ್ದೂ ಯಾರೂ ನೋಡಲಿಲ್ಲ. ಇರ್ಶಾಲ್‌ವಾಡಿಯ ಹೆಸರು ಅಪಾಯದ ಊರುಗಳ ಪಟ್ಟಿಯಲ್ಲೇ ಇರಲಿಲ್ಲ ಎಂದು ಸರ್ಕಾರವೇ ಸದನದಲ್ಲಿ ಹೇಳಿತು.

ಇದಕ್ಕೆಲ್ಲ ಲಾವಾವನ್ನೇ ದೂರುವುದು ಸರಿಯಲ್ಲ. ಬಸಾಲ್ಟ್ ಸಾವಿರಾರು ಮಳೆಗಾಲ ನಿಂತಿದೆ. ಇಳಿಜಾರಿನ ಬುಡ ಕಡಿದು ರಸ್ತೆ ಮಾಡುವುದು, ಬಂಗಲೆಗಾಗಿ ಗುಡ್ಡ ಸಮ ಮಾಡುವುದು, ನೀರು ಹರಿಯುವ ಓಣಿ ಮುಚ್ಚುವುದು ಇತ್ತೀಚಿನ ಕೆಲಸ. ನಮ್ಮವರೂ ಕರ್ಜತ್, ಲೋಣಾವಳಾ, ಮುಳಶಿ ಕಡೆ ಸೆಕೆಂಡ್ ಹೋಮ್ ಅಂತ ಪ್ಲಾಟ್ ಕೊಳ್ಳುತ್ತಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಭೂಕುಸಿತದ ನಕ್ಷೆಗಳನ್ನು ಭೂಕೋಶ್ ಜಾಲತಾಣದಲ್ಲಿ ಹಾಕಿದೆ. ಯಾರು ಬೇಕಾದರೂ ನೋಡಬಹುದು. ಆದರೆ 1:50,000 ಪ್ರಮಾಣದ, ಅಂದರೆ ಅರ್ಧ ಕಿ.ಮೀ. ನೆಲವನ್ನು ಒಂದು ಸೆಂ.ಮೀ.ನಲ್ಲಿ ತೋರಿಸುವ ನಕ್ಷೆಯಲ್ಲಿ ಒಂದು ಪ್ಲಾಟಿನ ಹಿಂದಿನ ಇಳಿಜಾರು ತಿಳಿಯುವುದಿಲ್ಲ. ಅದಕ್ಕೆ ಜಾಗದಲ್ಲೇ ನಿಂತು ನೋಡಬೇಕು. ಮೇಲೆ ಹೊಸದಾಗಿ ಕಡಿದ ಗೋಡೆ ಇದೆಯಾ, ಕೆಂಪು ಪಟ್ಟಿಯಿಂದ ನೀರು ಒಸರುತ್ತಿದೆಯಾ, ಮರ, ಕಂಬಗಳು ಕೆಳಮುಖವಾಗಿ ವಾಲಿವೆಯಾ, ನೆಲದಲ್ಲಿ ಅಡ್ಡ ಬಿರುಕು ಇದೆಯಾ, ತಿಳಿಯಾಗಿದ್ದ ಒರತೆ ಕೆಸರಾಗಿದೆಯಾ. ಏಜೆಂಟರು ಕಾರಿನಲ್ಲಿ ಕರೆದೊಯ್ಯುವುದು ಡಿಸೆಂಬರಿನ ಬಿಸಿಲಿನಲ್ಲಿ, ಎಲ್ಲ ಒಣಗಿರುವಾಗ. ಮುಂಗಡ ಕೊಡುವ ಮೊದಲು ಜುಲೈಯಲ್ಲಿ ಒಮ್ಮೆ ಹೋಗಿ ನೋಡಿ.